ಕೇಳಿ ಮಾರುವುದು, ಮಾರಿ ಕೇಳುವುದು

ಹರಿಹರದ ಹಳೆಯ ಮನೆಯನ್ನು ಮಾರಿದ ಮೇಲೆ ಅವ್ವನಿಗೆ ಹೇಳಿದೆ. ಮನೆ ನನ್ನ ಹೆಸರಿನಲ್ಲಿತ್ತು, ಬೆಲೆ ಚೆನ್ನಾಗಿ ಬಂತು, ಹಣವನ್ನೆಲ್ಲ ಅವಳ ಖಾತೆಗೇ ಹಾಕಿದೆ. ಮೊದಲೇ ಕೇಳಿದ್ದರೂ ಬೇಡ ಅನ್ನುತ್ತಿರಲಿಲ್ಲ ಎಂದು ಅವಳೇ ಒಪ್ಪಿದಳು. "ಹಂಗಾದ್ರೆ ಎರಡೂ ಒಂದೇ ಅಲ್ವೇನವ್ವ?" ಎಂದೆ. ದಾವಣಗೆರೆಯ ನಮ್ಮ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದವಳು ತಲೆ ಎತ್ತದೆ, "ಕೇಳಿ ಮಾರೋದು ಬೇರೆ, ಮಾರಿ ಕೇಳೋದು ಬೇರೆ ಕಣಪ್ಪ" ಎಂದಳು.

ನಾನು ಗಣಿತದ ಮೇಷ್ಟ್ರು. ಗುಣಾಕಾರದಲ್ಲಿ ಯಾವುದು ಮೊದಲು ಎಂಬುದು ಲೆಕ್ಕಕ್ಕೆ ಬರುವ ರಿಂಗ್‌ಗಳ ಬಗ್ಗೆ ವರ್ಷವರ್ಷವೂ ಪಾಠ ಮಾಡುವವನು. ಎರಡು ಮೂರಲೆ, ಮೂರು ಎರಡಲೆ ಒಂದೇ; ಮ್ಯಾಟ್ರಿಕ್ಸ್‌ಗಳನ್ನು ಹಾಗೆ ತಿರುವಿಹಾಕಿದರೆ ಉತ್ತರ ಬದಲಾಗಬಹುದು. ಕೇಳುವುದನ್ನು 'ಕ', ಮಾರುವುದನ್ನು 'ಮ' ಎನ್ನೋಣ. ಅವ್ವ ಹೇಳಿದ್ದು ಇಷ್ಟೇ: ಕಮ − ಮಕ ಶೂನ್ಯವಲ್ಲ. 'ಕ'ವನ್ನು ಹಾಗೇ ಇಟ್ಟು 'ಮ'ದ ಜಾಗಕ್ಕೆ ರಿಂಗ್‌ನ ಒಂದೊಂದೇ ಅಂಶವನ್ನು ತರುತ್ತ ಹೋದರೆ, ಈ ವ್ಯತ್ಯಾಸವೇ ಒಂದು ಡೆರಿವೇಷನ್ ಆಗುತ್ತದೆ. ಪಿಯುಸಿಯಲ್ಲಿ ಕಲಿತ ಗುಣಲಬ್ಧದ ನಿಯಮವನ್ನೇ ಅದೂ ಪಾಲಿಸುತ್ತದೆ: ಒಮ್ಮೆ ಮೊದಲನೆಯದು ಬದಲಾಗುತ್ತದೆ, ಒಮ್ಮೆ ಎರಡನೆಯದು, ಆಮೇಲೆ ಕೂಡಿಸುವುದು, ಆದರೆ ಯಾರೂ ತಮ್ಮ ಜಾಗ ಬಿಟ್ಟು ಕದಲುವಂತಿಲ್ಲ.

1957ರಲ್ಲಿ ಎಡ್ವರ್ಡ್ ಪೋಸ್ನರ್ ಒಂದು ಪ್ರಮೇಯ ಸಾಧಿಸಿದರು. ನಡುವೆ ಏನನ್ನಿಟ್ಟು ಗುಣಿಸಿದರೂ ಶೂನ್ಯವೇ ಬರುವಂಥ, ಆದರೆ ತಾವು ಶೂನ್ಯವಲ್ಲದ ಎರಡು ಅಂಶಗಳು ಇಲ್ಲದ ರಿಂಗ್‌ಗೆ ಪ್ರೈಮ್ ರಿಂಗ್ ಎನ್ನುತ್ತಾರೆ. ಅದರ ಮೇಲೆ ಶೂನ್ಯವಲ್ಲದ ಒಂದು ಡೆರಿವೇಷನ್ ಇದೆ, ಪ್ರತಿಯೊಂದು ಅಂಶವೂ ತನ್ನದೇ ಬದಲಾವಣೆಯ ಜೊತೆ ತಕರಾರಿಲ್ಲದೆ ಜಾಗ ಅದಲುಬದಲು ಮಾಡಿಕೊಳ್ಳುತ್ತದೆ ಅನ್ನಿ. ಷರತ್ತು ಅಷ್ಟೇ, ಬೇರೆಯವರ ಗೊಡವೆಯೇ ಇಲ್ಲ. ಆದರೂ ಇಡೀ ರಿಂಗ್‌ನಲ್ಲಿ ಯಾರು ಮೊದಲು ಎಂಬ ಪ್ರಶ್ನೆಯೇ ಅಳಿಸಿಹೋಗುತ್ತದೆ. ಗುಣಾಕಾರದ ಸಂಬಂಧ ಕೆಡದಂತೆ ಎಲ್ಲವನ್ನೂ ಒಟ್ಟಿಗೆ ಬದಲಿಸುವ ಆಟೋಮಾರ್ಫಿಸಂಗಳ ಬಗ್ಗೆ 1976ರಲ್ಲಿ ಜೋಸೆಫ್ ಮೇಯ್ನ್ ಇಂಥದೇ ಮಾತು ಸಾಧಿಸಿದರು. ಏನನ್ನೂ ಬದಲಿಸದ ಆಟೋಮಾರ್ಫಿಸಂ ಒಂದನ್ನು ಬಿಡಬೇಕು, ಅಷ್ಟೇ.

ಮನೆ ಮಾರಾಟ ರಿಂಗ್ ಅಲ್ಲ, ಪ್ರಮೇಯ ನನ್ನ ತಪ್ಪನ್ನು ಸಾಧಿಸುವುದಿಲ್ಲ, ಗೊತ್ತು. ಆದರೂ ಅಲ್ಲಿನ 'ಪ್ರತಿಯೊಂದೂ' ಎಂಬ ಪದ ನನ್ನನ್ನು ಬಿಡಲಿಲ್ಲ. ನಾನು ಬೇಡಿದ್ದು ಸಣ್ಣ ರಿಯಾಯಿತಿ: ನನ್ನ ಕೆಲಸಕ್ಕೂ ಆಮೇಲಿನ ನನ್ನ ವಿವರಣೆಗೂ ಹೊಂದಿಕೆಯಾದರೆ ಸಾಕು. ಅದೇ ರಿಯಾಯಿತಿಯನ್ನು ಎಲ್ಲರಿಗೂ ಕೊಟ್ಟರೆ? ಆಪರೇಷನ್ ಮುಗಿಸಿ ಸಹಿ ಕೇಳುವ ಡಾಕ್ಟರು, ಲಗ್ನ ಗೊತ್ತುಮಾಡಿ ಮಗಳನ್ನು ಕೇಳುವ ಅಪ್ಪ. ಫಲ ಒಳ್ಳೆಯದೇ ಆಗಲಿ, ಕೇಳುವುದಕ್ಕೆ ಅರ್ಥ ಉಳಿಯದು. ಅವ್ವ ಕಳೆದುಕೊಂಡದ್ದು ಮನೆಯನ್ನಲ್ಲ, ಬೇಡ ಅನ್ನಬಹುದಾಗಿದ್ದ ಒಂದು ದಿನವನ್ನು.

ಯಾರು ಮೊದಲಾದರೇನು ಎನ್ನುವುದಕ್ಕೆ ನಮ್ಮ ಕಡೆ ಹರಿಹರೇಶ್ವರನನ್ನೇ ತೋರಿಸಬಹುದು. 1224ರ ಆ ಹೊಯ್ಸಳ ಗುಡಿಯ ಮೂರ್ತಿಯಲ್ಲಿ ಹರ ಬಲಭಾಗ, ಹರಿ ಎಡಭಾಗ. ಹೆಸರಿನಲ್ಲಿ ಮಾತ್ರ ಹರಿ ಮೊದಲು. ಇಬ್ಬರೂ ಒಂದೇ, ನಿಜ. ಆದರೆ ಎಡಬಲ ಅದಲುಬದಲಾದರೆ ಅದೇ ಮೂರ್ತಿ ಆಗುವುದಿಲ್ಲ.

ಮೊನ್ನೆ ಅವ್ವ ಒಬ್ಬಳೇ ಬಸ್ಸು ಹತ್ತಿ ಹರಿಹರಕ್ಕೆ ಹೋಗಿ, ಮಾರಿದ ಮನೆಯ ಮುಂದೆ ಸ್ವಲ್ಪ ಹೊತ್ತು ನಿಂತು ಬಂದಳು. ಬಂದ ಮೇಲೆ ನನಗೆ ಹೇಳಿದಳು.