ಇಂದಿನ ಧಮ್ಮ ಚಿಂತನೆ: ಬಿಚ್ಚಲು ಬರುವ ಜೋಡಣೆ



ನಮ್ಮ ಭೀಮಗೀತೆ ತಂಡಕ್ಕಾಗಿ ನಾನೊಂದು ಬೇಸ್ ಗಿಟಾರ್ ಕಟ್ಟುತ್ತಿದ್ದೇನೆ. ಅದರ ನೆಕ್, ಅಂದರೆ ಬೆರಳಿಟ್ಟು ತಂತಿ ಒತ್ತುವ ಉದ್ದನೆಯ ಭಾಗವನ್ನು, ಬಾಡಿಗೆ ಸೇರಿಸಲು ಮೂರು ದಾರಿಗಳಿವೆ. ಸ್ಕ್ರೂ ಹಾಕಿ ಬಿಗಿಯಬಹುದು. ಅಂಟು ಹಾಕಿ ಕೂಡಿಸಬಹುದು. ಇಲ್ಲವೇ ನೆಕ್ಕಿನ ಮರವನ್ನೇ ಬಾಡಿಯ ತುದಿಯವರೆಗೂ ಹಾಯಿಸಿ, ಎರಡು ಬದಿಗೆ ರೆಕ್ಕೆಯಂತೆ ಮರ ಅಂಟಿಸಬಹುದು. ನಾನು ಸ್ಕ್ರೂ ಎಂದೆ. ತಂಡದ ಹುಡುಗನೊಬ್ಬ ಕೇಳಿದ: "ಬಿಚ್ಚಲು ಬರೋದು ಗಟ್ಟಿ ಹೇಗಾಗುತ್ತೆ ಅಣ್ಣಾ?"

ಈ ಪ್ರಶ್ನೆ ಮರಕ್ಕಷ್ಟೇ ಸೇರಿದ್ದಲ್ಲ.

1951ರಲ್ಲಿ ಲಿಯೋ ಫೆಂಡರ್ ಅವರ ಪ್ರಿಸಿಷನ್ ಬೇಸ್ ಬಂದಾಗ ಅದರ ನೆಕ್ ನಿಂತದ್ದು ನಾಲ್ಕೇ ಸ್ಕ್ರೂಗಳ ಮೇಲೆ. ಕಾರಣ ಸರಳ: ಕಾರ್ಖಾನೆಯಲ್ಲಿ ಕೆಲಸ ಸುಲಭ, ನೆಕ್ ಕೆಟ್ಟರೆ ಬದಲಿಸಬಹುದು. ನಾಲ್ಕು ತಂತಿಗಳು ಸೇರಿ 70 ಕಿಲೋಗೂ ಹೆಚ್ಚು ಭಾರದಲ್ಲಿ ಹಗಲೂ ರಾತ್ರಿ ಎಳೆಯುತ್ತವೆ, ಜೋಡಣೆ ತಡೆಯುತ್ತದೆ. ಆದರೆ ಸ್ಕ್ರೂ ಒಂದರಿಂದಲೇ ಅಲ್ಲ. ನೆಕ್ ಕೂರುವ ಗುಳಿಯನ್ನು ಅಳತೆಗೆ ಸರಿಯಾಗಿ ಕೊರೆದಿರಬೇಕು, ಸ್ಕ್ರೂ ಹಾಕುವ ಮೊದಲೇ ಅದು ಅಲುಗದೆ ಕೂರಬೇಕು. ಸ್ಕ್ರೂವನ್ನು ಅತಿಯಾಗಿ ತಿರುಗಿಸಿದರೆ ಮರದ ಎಳೆ ಹರಿದು ಹಿಡಿತವೇ ಹೋಗುತ್ತದೆ. (ಸೋಣನಿಗೆ ಭಗವಾನರು ಹೇಳಿದ ವೀಣೆಯ ತಂತಿಯ ಮಾತು ಇಲ್ಲಿಗೂ ಸಲ್ಲುತ್ತದೆ.) ಅಂಟಿಸಿದರೆ ನಾದ ಹೆಚ್ಚು ಹೊತ್ತು ನಿಲ್ಲುತ್ತದೆ ಎನ್ನುವವರಿದ್ದಾರೆ, ಇರಬಹುದು. ಒಂದೇ ಮರದ್ದು ನೋಡಲು ಚೆಂದ, ಕೈಗೂ ಹಿತ. ಆದರೆ ಆ ಮರ ತಿರುಚಿಕೊಂಡರೆ ಇಡೀ ವಾದ್ಯಕ್ಕೇ ಕುತ್ತು.

ಬಿಚ್ಚಲಾಗದ್ದೇ ಗಟ್ಟಿ, ಅದೇ ಪವಿತ್ರ ಎಂಬ ಮಾತನ್ನು ನಮ್ಮ ಹಿರಿಯರು ಸಾಕಷ್ಟು ಕೇಳಿದ್ದಾರೆ. ಜಾತಿ ಅಂಥ ಜೋಡಣೆ. ಯಾರನ್ನೂ ಕೇಳದೆ, ಹುಟ್ಟಿನಲ್ಲೇ ಹಾಯಿಸಿದ ಮರ. ಬಾಬಾಸಾಹೇಬರು ಅದನ್ನು ಬಿಡುವುದಾಗಿ 1935ರಲ್ಲಿ ಯೇವಲಾದಲ್ಲಿ ಸಾರಿದರು. ನಾಗಪುರದಲ್ಲಿ ದೀಕ್ಷೆ ತೆಗೆದುಕೊಂಡದ್ದು 1956ರ ಅಕ್ಟೋಬರ್ 14ರಂದು. ನಡುವಿನ 21 ವರ್ಷ ಅವರು ಓದಿದರು, ತೂಗಿದರು, ಪ್ರಶ್ನಿಸಿದರು. ಗುಳಿ ಕೊರೆಯುವ ಕೆಲಸ ಅಂದರೆ ಅದು. ಸಂವಿಧಾನವನ್ನು ಕೊಡುವಾಗಲೂ, ಇದೇ ಅಂತಿಮ ಎಂದು ಮುದ್ರೆ ಒತ್ತಿಲ್ಲ, ತಿದ್ದುಪಡಿಗೆ ದಾರಿ ಇಟ್ಟಿದ್ದೇವೆ ಎಂದು 1949ರ ನವೆಂಬರ್ 25ರ ಭಾಷಣದಲ್ಲಿ ತಿಳಿಸಿದರು. ಧಮ್ಮವೂ ಏಹಿಪಸ್ಸಿಕೋ, ಬಂದು ನೋಡು ಎನ್ನುವಂಥದ್ದು. ಭಿಕ್ಖುವಿಗೂ ಚೀವರ ಬಿಟ್ಟು ಮನೆಗೆ ಮರಳಲು ವಿನಯದಲ್ಲಿ ಅವಕಾಶವಿದೆ. ಹಾಗೆಂದು ಸಂಘ ಸಡಿಲವಾಗಲಿಲ್ಲ.

ನನ್ನನ್ನು ಕಾಡುವುದು ನಮ್ಮ ಮಕ್ಕಳ ವಿಷಯ. ಅಜ್ಜ ಅಜ್ಜಿ ಆರಿಸಿಕೊಂಡು ಬೌದ್ಧರಾದರು. ಮೊಮ್ಮಕ್ಕಳು ಬೌದ್ಧರಾಗಿಯೇ ಹುಟ್ಟಿದ್ದಾರೆ. ಅವರನ್ನು ಯಾರೂ ಕೇಳಿಲ್ಲ. ನಾವು ಬಿಟ್ಟು ಬಂದ ರೀತಿಯಲ್ಲೇ ನಾವೂ ಅವರನ್ನು ಕೂಡಿಸುತ್ತಿದ್ದೇವೆಯೇ? ಅವರ ಕೈಗೂ ಸ್ಕ್ರೂಡ್ರೈವರ್ ಕೊಡಬೇಕು ಎನ್ನುತ್ತೇನೆ ನಾನು. "ಬಿಚ್ಚಿಕೊಂಡು ಹೋದರೆ?" ಎಂಬ ಭಯ ನನಗೂ ಇದೆ, ಹೊರಗೆ ಹಳೆಯ ಮನೆಯ ಬಾಗಿಲು ತೆರೆದೇ ಇದೆ, ಕರೆಯುವವರೂ ಇದ್ದಾರೆ. ಆದರೂ ಕೇಳಬಾರದು ಎಂದು ಬಾಯಿ ಮುಚ್ಚಿಸಿದ ಮಗು, ಜೋಡಣೆ ಸಡಿಲವಾದ ದಿನ ಅದನ್ನು ಬಿಗಿಯಲು ಬರುವುದಿಲ್ಲ.

ಈ ಸಲದ ಧಮ್ಮದೀಕ್ಷಾ ದಿನಕ್ಕೆ ಮುಂಚೆ, ವಾರಕ್ಕೆರಡರಂತೆ 22 ಪ್ರತಿಜ್ಞೆಗಳನ್ನು ಮಕ್ಕಳ ಮುಂದಿಡೋಣ. ಮೊದಲು ಅವರು ಪ್ರಶ್ನೆ ಕೇಳಲಿ. ಹೇಳಿಸುವುದು ಆಮೇಲೆ.

ಜೈಭೀಮ್.