ಎದೆಯ ಕವಾಟ ಮತ್ತು ಆಪದ್ಧರ್ಮ

ಎದೆಗೂಡು ಸೀಳದೆ, ತೊಡೆಯ ರಕ್ತನಾಳದ ಮೂಲಕವೇ ಹೃದಯಕ್ಕೆ ಹೊಸ ಕವಾಟ ತೊಡಿಸುವ ಚಿಕಿತ್ಸೆ ಏಷ್ಯಾದಲ್ಲಿ ಮೊದಲು ನಡೆದದ್ದು 2009ರಲ್ಲಿ, ಸಿಂಗಪುರದ ರಾಷ್ಟ್ರೀಯ ಹೃದಯ ಕೇಂದ್ರದಲ್ಲಿ. ಹೀಗೆ ತೊಡಿಸುವ ಕವಾಟದ ಎಸಳುಗಳನ್ನು ದನದ ಇಲ್ಲವೇ ಹಂದಿಯ ಹೃದಯದ ಪೊರೆಯಿಂದ ಮಾಡಿರುತ್ತಾರೆ. ನಾನಾ ಮತದವರು ಒಂದೇ ವಾರ್ಡಿನಲ್ಲಿ ಮಲಗುವ ಊರು ಸಿಂಗಪುರ. ಗೋವನ್ನು ಪೂಜಿಸುವವರು, ಹಂದಿ ನಿಷಿದ್ಧವೆನ್ನುವವರು, ಅಹಿಂಸೆಯೇ ಪರಮವೆನ್ನುವ ಜೈನರು ಇಂಥ ಕವಾಟವನ್ನು ಎದೆಯೊಳಗೆ ಇಟ್ಟುಕೊಳ್ಳಬಹುದೇ? ಇಟ್ಟುಕೊಳ್ಳಬಹುದು, ಆದರೆ ತಿಳಿದು ಒಪ್ಪಬೇಕು, ಋಣವೆಂದು ನೆನೆಯಬೇಕು.

ಯಾಂತ್ರಿಕ ಕವಾಟವಿದೆಯಲ್ಲ ಎನ್ನಬಹುದು. ಇದೆ. ಅದರ ಇಂಗಾಲದ ಬಿಲ್ಲೆಗಳು ದಶಕಗಳ ಕಾಲ ಸವೆಯುವುದಿಲ್ಲ. ರಾತ್ರಿಯ ನಿಶ್ಶಬ್ದದಲ್ಲಿ ಅವು ಗಡಿಯಾರದಂತೆ ಟಿಕ್ ಎನ್ನುವುದು ಕಿವಿಗೂ ಬೀಳುತ್ತದೆ. ಆದರೆ ಬದುಕಿರುವಷ್ಟು ದಿನವೂ ವಾರ್ಫರಿನ್ ಮಾತ್ರೆ ತಪ್ಪಿದ್ದಲ್ಲ: ಕಡಿಮೆಯಾದರೆ ರಕ್ತ ಹೆಪ್ಪುಗಟ್ಟೀತು, ಹೆಚ್ಚಾದರೆ ಮಿದುಳಿನಲ್ಲೇ ಸೋರೀತು. ಪ್ರಾಣಿಜನ್ಯ ಕವಾಟ ಹತ್ತು-ಹದಿನೈದು ವರ್ಷಕ್ಕೆ ಸವೆದರೂ ಸಾಮಾನ್ಯವಾಗಿ ಆ ಹಂಗು ಇರದು. ಆದ್ದರಿಂದಲೇ 65 ದಾಟಿದವರಿಗೆ ವೈದ್ಯರು ಹೆಚ್ಚಾಗಿ ಅದನ್ನೇ ಹೇಳುತ್ತಾರೆ. ಇನ್ನು ಮಡಿಯ ಮಾತು: ಯಾಂತ್ರಿಕ ಕವಾಟ ಕೂರಿಸುವಾಗಲೂ ರಕ್ತ ಹೆಪ್ಪುಗಟ್ಟದಂತೆ ಸಾಮಾನ್ಯವಾಗಿ ಹೆಪಾರಿನ್ ಕೊಡುತ್ತಾರೆ. ಅದನ್ನು ತೆಗೆಯುವುದು ಮುಖ್ಯವಾಗಿ ಹಂದಿಯ ಕರುಳಿನಿಂದ. ಕವಾಟವೊಂದನ್ನು ಬದಲಿಸಿದ ಮಾತ್ರಕ್ಕೆ ಮಡಿ ಉಳಿಯುವುದಿಲ್ಲ.

ಮಹಾಭಾರತದ ಶಾಂತಿಪರ್ವದಲ್ಲಿ, ಕ್ಷಾಮದಲ್ಲಿ ಬೆಂದ ವಿಶ್ವಾಮಿತ್ರ ನಾಯಿಯ ಮಾಂಸಕ್ಕೆ ಕೈಹಾಕುತ್ತಾನೆ. ಜೀವವಿದ್ದರೆ ಧರ್ಮವನ್ನು ಮುಂದೆ ಆಚರಿಸಬಹುದೆಂಬುದು ಅವನ ವಾದ; ಆಪತ್ತಿನ ಕಾಲಕ್ಕೆ ಸಲ್ಲುವ ಈ ನಡೆಯೇ ಆಪದ್ಧರ್ಮ. ಅನಿವಾರ್ಯತೆ ನಿಷೇಧವನ್ನು ಸಡಿಲಿಸುತ್ತದೆಂಬ ತತ್ವ ಇಸ್ಲಾಮಿನಲ್ಲೂ ಇದೆ. ಹಾಗಾದರೆ ಜೀವ ಉಳಿಯುವಾಗ ಮೂಲ ವಿಚಾರಿಸುವುದೇಕೆ ಎಂದು ಕೆಲವರು ಕೇಳುತ್ತಾರೆ. ವಿಶ್ವಾಮಿತ್ರನು ತಾನು ಏನನ್ನು ತಿನ್ನಹೊರಟಿದ್ದೇನೆಂದು ಬಲ್ಲವನಾಗಿದ್ದ; ಅರಿವಿಲ್ಲದೆ ನಡೆದುದು ಆಪದ್ಧರ್ಮವಾಗದು. ಮುಚ್ಚಿಟ್ಟು ತೊಡಿಸಿದ ಕವಾಟದ ಮೂಲ ಆಮೇಲೆ ಗೊತ್ತಾದರೆ, ಹೃದಯ ಸರಿಯಾದರೂ ಮನಸ್ಸು ಗಾಯಗೊಳ್ಳುತ್ತದೆ. ಫಲಿತಾಂಶದ ಲೆಕ್ಕದಲ್ಲಿ ಆ ಗಾಯವೂ ಸೇರಬೇಕು.

ಕೊಂದ ಪಾಪದಲ್ಲಿ ರೋಗಿಗೂ ಪಾಲಿಲ್ಲವೇ ಎಂಬ ಆಕ್ಷೇಪ ಉಳಿಯುತ್ತದೆ. ಕೊಲ್ಲುವ ಸಂಕಲ್ಪ ಅವರದಲ್ಲ, ನಿಜ. ಆದರೂ ಋಣ ಅವರದೇ. ತೀರಿಸುವ ದಾರಿಯೂ ಇದೆ. ಮೃತರು ದಾನ ಮಾಡಿದ ಮಾನವ ಕವಾಟಗಳನ್ನು ಕಾಪಿಡುವ ಬ್ಯಾಂಕು ಅದೇ ರಾಷ್ಟ್ರೀಯ ಹೃದಯ ಕೇಂದ್ರದಲ್ಲಿದೆ. ಸಿಂಗಪುರದ ಇಸ್ಲಾಮಿಕ್ ಮಂಡಳಿಯ ಫತ್ವಾದ ನಂತರ 2008ರಲ್ಲಿ ಮುಸ್ಲಿಮರೂ ಅಲ್ಲಿನ ಅಂಗಾಂಗ ಕಸಿ ಕಾಯ್ದೆಯೊಳಗೆ ಬಂದರು. ಶ್ರದ್ಧೆ ಯೋಚಿಸಿ ಹೆಜ್ಜೆ ಇಡಬಲ್ಲದೆಂಬುದಕ್ಕೆ ಇದು ಸಾಕ್ಷಿ. ಶಸ್ತ್ರಚಿಕಿತ್ಸೆಗೆ ಒಪ್ಪಿ ಸಹಿ ಹಾಕುವ ಮುನ್ನ ಕವಾಟ ಯಾವುದರದೆಂದು ಕೇಳಿ. ಬದುಕಿ ಮನೆಗೆ ಬಂದ ಮೇಲೆ, ನಿಮ್ಮ ದೇಹದಲ್ಲಿ ಇನ್ನೊಬ್ಬರಿಗೆ ಒದಗುವುದೆಲ್ಲವನ್ನೂ ದಾನಕ್ಕೆ ಬರೆದುಕೊಡಿ.