ಸ್ಪರ್ಧೆಯ ನ್ಯಾಯವೂ ಪ್ರೇಕ್ಷಕನ ನಾಲಿಗೆಯೂ

ಕ್ರೀಡಾಂಗಣದಲ್ಲಿ ಸ್ಪರ್ಧಿಸುವವರಿಗೆ ನಿಯಮಗಳುಂಟು, ತೀರ್ಪುಗಾರರುಂಟು, ತಪ್ಪಿದರೆ ಶಿಕ್ಷೆಯೂ ಉಂಟು. ನೋಡುತ್ತ ಕುಳಿತವರ ಮಾತಿಗೆ ಮಾತ್ರ ಯಾವ ತೀರ್ಪುಗಾರನೂ ಇಲ್ಲ. ಲಿಂಗಾಂತರಿ ಕ್ರೀಡಾಪಟುಗಳ ಬಗೆಗೆ ಕ್ರೀಡಾಭಿಮಾನಿಗಳು ಆಡುವ ಮಾತುಗಳನ್ನು ಗಮನಿಸಿದರೆ ಈ ಕೊರತೆ ಎಷ್ಟು ದೊಡ್ಡದೆಂಬುದು ಮನದಟ್ಟಾಗುತ್ತದೆ.

ಪ್ರಶ್ನೆ ಹೊಸತಲ್ಲ. ಅಮೆರಿಕದ ರೆನೀ ರಿಚರ್ಡ್ಸ್ 1977ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯದ ಆದೇಶ ಪಡೆದು ಯು.ಎಸ್. ಓಪನ್ ಟೆನಿಸ್‌ನ ಮಹಿಳಾ ವಿಭಾಗದಲ್ಲಿ ಆಡಿದರು. ಸಿಂಗಲ್ಸ್‌ನ ಮೊದಲ ಸುತ್ತಿನಲ್ಲೇ ವರ್ಜೀನಿಯಾ ವೇಡ್ ಅವರಿಗೆ ಸೋತರು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನ್ಯೂಜಿಲೆಂಡಿನ ಲಾರೆಲ್ ಹಬ್ಬರ್ಡ್ ಮಹಿಳೆಯರ ಭಾರ ಎತ್ತುವ ಸ್ಪರ್ಧೆಗಿಳಿದರು. ಅಂದಿನ ನಿಯಮಗಳಂತೆ ಅವರು ಅರ್ಹರಾಗಿದ್ದರು. ಮೊದಲ ಹಂತದ ಮೂರು ಪ್ರಯತ್ನಗಳಲ್ಲೂ ವಿಫಲರಾಗಿ ನಿರ್ಗಮಿಸಿದರು. ಗೆದ್ದರೆ ಅನ್ಯಾಯವೆಂದು ಮೊದಲೇ ಕೂಗಿದವರಲ್ಲಿ ಹಲವರು, ಸೋತಾಗ ಅದೇ ವ್ಯಕ್ತಿಯನ್ನು ಗೇಲಿ ಮಾಡಿದರು. ಕಾಳಜಿ ನ್ಯಾಯದ್ದೇ ಆಗಿದ್ದರೆ, ಸೋಲಿನಲ್ಲಿ ನಗುವುದಕ್ಕೆ ಏನಿತ್ತು?

ನ್ಯಾಯದ ಪ್ರಶ್ನೆ ಸುಳ್ಳೆಂದು ಇದರ ಅರ್ಥವಲ್ಲ. ಪ್ರಾಯಕ್ಕೆ ಬರುವಾಗ ಪುರುಷ ಹಾರ್ಮೋನು ಎಲುಬು, ಸ್ನಾಯು, ಎತ್ತರಗಳನ್ನು ಬೆಳೆಸುತ್ತದೆ. ಓಟದ ಸ್ಪರ್ಧೆಗಳಲ್ಲಿ ಉನ್ನತ ಮಟ್ಟದ ಪುರುಷರಿಗೂ ಮಹಿಳೆಯರಿಗೂ ಶೇಕಡಾ 10ರಷ್ಟು ಅಂತರವಿದೆ. ಬಳಿಕ ಆ ಹಾರ್ಮೋನನ್ನು ತಗ್ಗಿಸಿದರೂ ಎತ್ತರ ತಗ್ಗುವುದಿಲ್ಲ. ಸ್ನಾಯುಬಲವೂ ನಿಧಾನವಾಗಿಯೇ ಇಳಿಯುತ್ತದೆ. ಈ ಕಾರಣದಿಂದ ಪುರುಷರಂತೆ ಪ್ರಾಯಕ್ಕೆ ಬಂದವರನ್ನು ಅಂತರರಾಷ್ಟ್ರೀಯ ಈಜು ಸಂಸ್ಥೆ 2022ರಲ್ಲಿಯೂ ಅಥ್ಲೆಟಿಕ್ಸ್ ಸಂಸ್ಥೆ 2023ರಲ್ಲಿಯೂ ಮಹಿಳಾ ವಿಭಾಗದಿಂದ ಹೊರಗಿಟ್ಟವು. ವರ್ಷಗಟ್ಟಲೆ ಬೆವರು ಸುರಿಸಿದ ಹೆಣ್ಣುಮಗಳು ಸರಿಯಾದ ತಕ್ಕಡಿಯನ್ನು ಬೇಡುವುದು ದ್ವೇಷವಲ್ಲ. ಹೀನಾಧಿಕ ಮಾನೋನ್ಮಾನವನ್ನು, ಅಂದರೆ ಕಳ್ಳ ತೂಕ ಅಳತೆಗಳನ್ನು, ಅಚೌರ್ಯವ್ರತದ ಅತಿಚಾರವೆಂದು ಅರಿತ ವ್ಯಾಪಾರಿಗೆ ಈ ಬೇಡಿಕೆ ಅರ್ಥವಾಗುತ್ತದೆ.

ಆದರೆ ತಕ್ಕಡಿಯನ್ನು ಸರಿಪಡಿಸುವುದು ಬೇರೆ, ಅಂಗಡಿಗೆ ಬಂದವನ ಮುಖಕ್ಕೆ ಉಗುಳುವುದು ಬೇರೆ. ನಿಯಮದಂತೆ ಬಂದ ಸ್ಪರ್ಧಿ ಮೋಸಗಾರನಲ್ಲ. ನಿಯಮ ತಪ್ಪಾಗಿದ್ದರೆ ಅದನ್ನು ರೂಪಿಸಿದವರನ್ನು ಪ್ರಶ್ನಿಸಬೇಕು.

ಈ ವಿವೇಕ ತಪ್ಪಿದಾಗ ಆಗುವುದೇನೆಂಬುದನ್ನು 2024ರ ಪ್ಯಾರಿಸ್ ಒಲಿಂಪಿಕ್ಸ್ ತೋರಿಸಿತು. ಅಲ್ಜೀರಿಯಾದ ಬಾಕ್ಸರ್ ಇಮಾನೆ ಖಲೀಫ್ ಎದುರು ಇಟಲಿಯ ಆಂಜೆಲಾ ಕರಿನಿ 46 ಸೆಕೆಂಡುಗಳಲ್ಲೇ ಆಟ ಬಿಟ್ಟರು. ಖಲೀಫ್ ಲಿಂಗಾಂತರಿಯಲ್ಲ; ಹುಟ್ಟಿದಂದಿನಿಂದ ಹೆಣ್ಣೆಂದು ದಾಖಲಾಗಿ ಹೆಣ್ಣಾಗಿಯೇ ಬೆಳೆದವರು. ಅವರ ಅರ್ಹತೆಯ ಕುರಿತು ಕ್ರೀಡಾಸಂಸ್ಥೆಗಳೊಳಗೆ ವಿವಾದವಿದ್ದುದು ನಿಜ. ಆದರೂ ಯಾವ ದಾಖಲೆಯನ್ನೂ ಕಾಣದ ಲಕ್ಷಾಂತರ ಜನ ಒಂದೇ ದಿನದಲ್ಲಿ ಅವರನ್ನು ಗಂಡಸೆಂದು ನಿರ್ಣಯಿಸಿಬಿಟ್ಟರು. ಸೋತ ಕರಿನಿಯೇ ಮರುದಿನ ಕ್ಷಮೆ ಕೋರಿದರು. ಕೂಗಿದವರಲ್ಲಿ ಹಾಗೆ ಕೋರಿದವರೆಷ್ಟು ಮಂದಿ?

ಕರ್ಮಸಿದ್ಧಾಂತದಲ್ಲಿ ನೋಕಷಾಯಗಳು ಒಂಬತ್ತು. ಸ್ತ್ರೀವೇದ, ಪುಂವೇದ, ನಪುಂಸಕವೇದಗಳು ಅಲ್ಲಿವೆ. ದೇಹದ ಲಿಂಗವೂ ಭಾವದ ವೇದವೂ ಕೆಲವೊಮ್ಮೆ ಭಿನ್ನವಾಗಬಹುದೆಂದು ಆಚಾರ್ಯರು ಹೇಳಿದ್ದಾರೆ. ವೇದವೆಂದರೆ ಇಲ್ಲಿ ಕಾಮಭಾವ. ಇಂದಿನ ಪರಿಭಾಷೆಯೊಡನೆ ಅದನ್ನು ಸಮೀಕರಿಸಲಾಗದು. ಆದರೆ ಒಂದು ಸಂಗತಿ ಗಮನಾರ್ಹ: ಹಾಸ್ಯವೂ ಜುಗುಪ್ಸೆಯೂ ಅದೇ ಪಟ್ಟಿಯಲ್ಲಿವೆ. ಪರರ ದೇಹವನ್ನು ಕಂಡು ನಗುವವನೂ ಅಸಹ್ಯಪಡುವವನೂ ಮೋಹನೀಯ ಕರ್ಮದ ಉದಯದಿಂದ ಹೊರಗುಳಿದವರಲ್ಲ. ನಿಂದಿಸಲು ಅವರಿಗೆ ಎತ್ತರದ ಪೀಠವೇ ಇಲ್ಲ.

ಯಾವ ವಿಭಾಗದಲ್ಲಿ ಯಾರು ಆಡಬೇಕೆಂಬುದನ್ನು ಬಲ್ಲವರು ಚರ್ಚಿಸಿ ನಿರ್ಣಯಿಸಲಿ. ನಿರ್ಣಯ ಕೆಲವರಿಗೆ ಕಠೋರವಾಗಲೂಬಹುದು. ಅದನ್ನು ಸಮರ್ಥಿಸುವವರೂ ವಿರೋಧಿಸುವವರೂ ಪಾಲಿಸಬೇಕಾದ ಭಾಷಾಸಮಿತಿ ಒಂದೇ: ತಿಳಿಯದುದನ್ನು ತಿಳಿದಂತೆ ಆಡಬಾರದು, ತಿಳಿದುದನ್ನೂ ನೋಯಿಸಲೆಂದು ಆಡಬಾರದು. ಮನೆಯಲ್ಲಿ ಮಕ್ಕಳೊಡನೆ ಪಂದ್ಯ ನೋಡುವ ಹಿರಿಯರು ಇದನ್ನು ಮರೆಯಬಾರದು. ಮಕ್ಕಳು ಆಟದ ನಿಯಮವನ್ನು ಪರದೆಯಿಂದ ಕಲಿಯುತ್ತಾರೆ. ಮನುಷ್ಯರ ಬಗೆಗೆ ಮಾತನಾಡುವ ರೀತಿಯನ್ನು ಪಕ್ಕದಲ್ಲಿ ಕುಳಿತವರಿಂದ ಕಲಿಯುತ್ತಾರೆ.